ಇನ್ನೂ ಸೇರದವರ ಸಂಬಳಕ್ಕೆ ಇಂದು ಬೀಳುವ ಸಹಿ

ಆಡಳಿತ ಮಂಡಳಿ ಮತ್ತು ಕಾರ್ಮಿಕ ಸಂಘದ ನಡುವಿನ ಒಪ್ಪಂದದ ಕರಡು ಕೈಗೆ ಬಂದಾಗ ನಾನು ವೇತನದ ಪಟ್ಟಿಗೂ ಮೊದಲು ಹುಡುಕುವುದು ಒಂದೇ ಸಾಲನ್ನು: ‘ಈ ದಿನಾಂಕದ ನಂತರ ನೇಮಕಗೊಂಡವರಿಗೆ ಮೇಲಿನ ಷರತ್ತುಗಳು ಅನ್ವಯಿಸುವುದಿಲ್ಲ’. ಹಾಲಿ ನೌಕರರಿಗೆ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲವಾದ್ದರಿಂದ ಈ ಸಾಲಿಗೆ ಸಭೆಯಲ್ಲಿ ಹೆಚ್ಚಿನ ವಿರೋಧ ಬರುವುದಿಲ್ಲ. ನಷ್ಟ ಅನುಭವಿಸಬೇಕಾದವರು ಆ ಸಭೆಯಲ್ಲಿರುವುದೇ ಇಲ್ಲ. ಆದರೆ ಇಂಥ ಸಾಲು ಕೆಲವೇ ವರ್ಷಗಳಲ್ಲಿ ಹಳಬರನ್ನೂ ತಲುಪುತ್ತದೆ. ಅದು ಹೇಗೆಂದು ತಿಳಿಯಲು ಬ್ರಿಟಿಷ್ ಏರ್‌ವೇಸ್‌ನ ಕ್ಯಾಬಿನ್ ಸಿಬ್ಬಂದಿಯ ವಿವಾದವನ್ನು ವಿವರವಾಗಿ ನೋಡಬೇಕು.

2009ರ ಮಾರ್ಚ್‌ಗೆ ಕೊನೆಗೊಂಡ ಹಣಕಾಸು ವರ್ಷದಲ್ಲಿ ಆ ಸಂಸ್ಥೆ ತೆರಿಗೆಗೆ ಮುಂಚಿನ ಲೆಕ್ಕದಲ್ಲಿ 40 ಕೋಟಿ ಪೌಂಡ್‌ಗೂ ಹೆಚ್ಚಿನ ನಷ್ಟ ತೋರಿಸಿತ್ತು. ಮುಖ್ಯಸ್ಥ ವಿಲ್ಲಿ ವಾಲ್ಶ್ ಅವರು ನವೆಂಬರ್‌ನಲ್ಲಿ, ಸಂಘದ ಒಪ್ಪಿಗೆಯಿಲ್ಲದೆ, ಹೀಥ್ರೂ ನಿಲ್ದಾಣದಿಂದ ಹೊರಡುವ ಬಹುತೇಕ ದೂರದ ವಿಮಾನಗಳಲ್ಲಿ ಒಬ್ಬೊಬ್ಬ ಸಿಬ್ಬಂದಿಯನ್ನು ಕಡಿತ ಮಾಡಿದರು. ಬೋಯಿಂಗ್ 747ರಲ್ಲಿ 15 ಜನ ಮಾಡುತ್ತಿದ್ದ ಕೆಲಸ 14 ಜನರ ಪಾಲಿಗೆ ಬಂತು. ಸಿಬ್ಬಂದಿಯ ಪರವಾಗಿ ನಿಂತ ಯುನೈಟ್ ಸಂಘ ಡಿಸೆಂಬರ್‌ನಲ್ಲಿ ಮುಷ್ಕರಕ್ಕೆ ಭಾರಿ ಬಹುಮತ ಪಡೆಯಿತಾದರೂ, ಸಂಸ್ಥೆಯನ್ನು ಬಿಟ್ಟುಹೋಗುತ್ತಿದ್ದವರಿಗೂ ಮತಪತ್ರ ತಲುಪಿತ್ತು ಎಂಬ ಕಾರಣಕ್ಕೆ ಹೈಕೋರ್ಟ್ ತಡೆಯಾಜ್ಞೆ ನೀಡಿತು. ಮತ್ತೆ ಮತದಾನವಾಗಿ, 2010ರ ಮಾರ್ಚ್‌ನಿಂದ ಜೂನ್‌ವರೆಗೆ ಒಟ್ಟು 22 ದಿನ ಮುಷ್ಕರ ನಡೆಯಿತು. ಮುಷ್ಕರ ಹೂಡಿದವರ ರಿಯಾಯಿತಿ ಪ್ರಯಾಣದ ಸೌಲಭ್ಯವನ್ನು ಆಡಳಿತ ಕಿತ್ತುಕೊಂಡಿತು. ದೂರದ ಊರುಗಳಿಂದ ಬಂದು ಕೆಲಸ ಮಾಡುವವರಿಗೆ ಇದು ಸಂಬಳ ಕಡಿತಕ್ಕಿಂತ ಕಡಿಮೆ ಪೆಟ್ಟೇನಲ್ಲ.

ಪತ್ರಿಕೆಗಳು ಈ ಮುಷ್ಕರವನ್ನು ಬಹುಮಟ್ಟಿಗೆ ಪ್ರಯಾಣಿಕರ ಪರದಾಟವೆಂದೇ ಬರೆದವು. ಸಿಬ್ಬಂದಿಯ ನಿಜವಾದ ಆತಂಕ ‘ಮಿಕ್ಸ್ಡ್ ಫ್ಲೀಟ್’ ಎಂಬ ಹೊಸ ಪಡೆಯ ಬಗ್ಗೆ ಇತ್ತು. ಅಲ್ಲಿಯವರೆಗೆ ದೂರದ ಹಾರಾಟಕ್ಕೆ ಒಂದು, ಯುರೋಪಿನ ಹಾರಾಟಕ್ಕೆ ಇನ್ನೊಂದು ಎಂದು ಎರಡು ಪಡೆಗಳಿದ್ದವು. 2010ರ ಕೊನೆಯಲ್ಲಿ ಆರಂಭವಾದ ಮೂರನೆಯದಕ್ಕೆ ಹೊಸಬರನ್ನು ಕಡಿಮೆ ವೇತನಕ್ಕೆ ನೇಮಿಸಿ ಎರಡೂ ಬಗೆಯ ಹಾರಾಟಕ್ಕೆ ಕಳುಹಿಸಲಾಯಿತು. ಹಳಬರ ನೇಮಕಾತಿ ಪತ್ರದ ಒಂದಕ್ಷರವನ್ನೂ ಯಾರೂ ಮುಟ್ಟಲಿಲ್ಲ, ಮುಟ್ಟುವ ಅಗತ್ಯವೂ ಇರಲಿಲ್ಲ. ವಿಮಾನ ಸಿಬ್ಬಂದಿಯ ಗಳಿಕೆಯಲ್ಲಿ ಮೂಲ ವೇತನ ಒಂದು ಭಾಗ ಮಾತ್ರ. ದೊಡ್ಡ ಪಾಲು ಹಾರಾಟದ ಗಂಟೆ, ಹೊರ ಊರಿನ ತಂಗುವಿಕೆ, ಊಟ ಮುಂತಾದ ಭತ್ಯೆಗಳಿಂದ ಬರುತ್ತದೆ, ಆ ಭತ್ಯೆಗಳ ಮೊತ್ತ ಯಾವ ಮಾರ್ಗದಲ್ಲಿ ಹಾರುತ್ತೀರಿ ಎಂಬುದನ್ನು ಅವಲಂಬಿಸುತ್ತದೆ. ಒಳ್ಳೆಯ ಭತ್ಯೆ ತರುವ ಒಂದು ಮಾರ್ಗವನ್ನು ಹೊಸ ಪಡೆಗೆ ವರ್ಗಾಯಿಸಿದರೆ ಹಳಬರ ಮೂಲ ವೇತನ ಹಾಗೆಯೇ ಉಳಿದು ತಿಂಗಳ ಗಳಿಕೆ ಮಾತ್ರ ಇಳಿಯುತ್ತದೆ. ಸಂಬಳ ಕಡಿತವಾಗಿದೆ ಎಂದು ತೋರಿಸಲು ಒಂದು ಕಾಗದವೂ ಅವರ ಕೈಯಲ್ಲಿರುವುದಿಲ್ಲ.

ನ್ಯಾಯಾಲಯ ಇಲ್ಲಿ ಎಷ್ಟು ನೆರವಾಗಬಲ್ಲದು? ಬ್ರಿಟನ್ನಿನ 1992ರ ಕಾನೂನಿನ ಪ್ರಕಾರ, ಬರವಣಿಗೆಯಲ್ಲಿ ಸ್ಪಷ್ಟವಾಗಿ ಹೇಳದ ಹೊರತು ಸಾಮೂಹಿಕ ಒಪ್ಪಂದವನ್ನು ಕೋರ್ಟಿನ ಮೂಲಕ ಜಾರಿ ಮಾಡಿಸಲಾಗದು. ಅದರ ಷರತ್ತು ನೌಕರನ ವೈಯಕ್ತಿಕ ಕರಾರಿನ ಭಾಗವೆಂದು ಸಾಬೀತಾದರೆ ಮಾತ್ರ ಪರಿಹಾರವುಂಟು. ವಿಮಾನವೊಂದಕ್ಕೆ ಕನಿಷ್ಠ ಎಷ್ಟು ಸಿಬ್ಬಂದಿ ಇರಬೇಕೆಂಬ ಷರತ್ತನ್ನು ಹಿಡಿದು ಕೆಲವರು ಹೂಡಿದ್ದ ದಾವೆಯಲ್ಲಿ ಮೇಲ್ಮನವಿ ನ್ಯಾಯಾಲಯ 2010ರ ನವೆಂಬರ್‌ನಲ್ಲಿ ಅದು ಹಾಗಲ್ಲ ಎಂದು ತೀರ್ಪಿತ್ತಿತು: ಒಬ್ಬೊಬ್ಬರಿಗೂ ಆ ಹಕ್ಕಿದ್ದರೆ ಬೆರಳೆಣಿಕೆಯ ಜನ ವಿಮಾನವನ್ನೇ ನಿಲ್ಲಿಸಿಬಿಡಬಹುದಿತ್ತು, ಎರಡೂ ಪಕ್ಷಗಳ ಉದ್ದೇಶ ಅದಾಗಿರಲಾರದು ಎಂಬುದು ಅದರ ತರ್ಕ. ಆ ತರ್ಕ ನನಗೆ ಅರ್ಥವಾಗುತ್ತದೆ. ಆದರೆ ವರ್ಷಗಟ್ಟಲೆ ಚೌಕಾಸಿ ಮಾಡಿ ಗಳಿಸಿದ ಷರತ್ತಿಗೆ ಹಕ್ಕುದಾರರೇ ಇಲ್ಲದಂತಾದುದು ನ್ಯಾಯವೆಂದು ನನಗೆ ಇಂದಿಗೂ ಅನ್ನಿಸಿಲ್ಲ.

2011ರ ರಾಜಿಯಲ್ಲಿ ಪ್ರಯಾಣ ರಿಯಾಯಿತಿ ಮರಳಿತು, ಹೊಸ ಪಡೆ ಉಳಿಯಿತು. 2016ರ ಹೊತ್ತಿಗೆ ಆ ಪಡೆಯವರೇ ಯುನೈಟ್ ಸಂಘದಡಿ ಸಂಘಟಿತರಾಗಿ ಮುಷ್ಕರಕ್ಕೆ ಮತ ಹಾಕಿದರು. ಸಂಘದ ಲೆಕ್ಕದಲ್ಲಿ ಅವರ ಆರಂಭಿಕ ಮೂಲ ವೇತನ ವರ್ಷಕ್ಕೆ 12,192 ಪೌಂಡ್, ಹಾರಾಟದ ಗಂಟೆಗೆ 3 ಪೌಂಡ್. ಭತ್ಯೆಗಳೆಲ್ಲ ಸೇರಿದರೆ ಕೈಗೆ ಬರುವುದು ಇದಕ್ಕಿಂತ ಬಹಳ ಹೆಚ್ಚು ಎಂಬುದು ಸಂಸ್ಥೆಯ ವಾದವಾಗಿತ್ತು. 2017ರಲ್ಲಿ ಹಲವು ಸುತ್ತಿನ ಮುಷ್ಕರದ ನಂತರ ಒಂದಿಷ್ಟು ಏರಿಕೆ ಸಿಕ್ಕಿತು. ಕೋವಿಡ್ ಬಂದಾಗ, 2020ರಲ್ಲಿ, 12,000 ಹುದ್ದೆಗಳವರೆಗೆ ಕಡಿತದ ಪ್ರಸ್ತಾವವಿಟ್ಟ ಸಂಸ್ಥೆ ಮೂರೂ ಪಡೆಗಳನ್ನು ಒಂದು ಮಾಡಿ ಎಲ್ಲರನ್ನೂ ಹೊಸ ಷರತ್ತುಗಳಡಿ ತಂದಿತು. ಸಂಸತ್ತಿನ ಸಾರಿಗೆ ಸಮಿತಿ ಸಂಸ್ಥೆಯ ಆಗಿನ ನಡೆಯನ್ನು ರಾಷ್ಟ್ರಕ್ಕೇ ಅವಮಾನ ಎಂದು ಕರೆಯಿತು. ಹಳಬರ ಪಾಲಿಗೆ ಅದು ತಡವಾಗಿ ಬಂದ ಮಾತು, ಏಕೆಂದರೆ ಅದೇ ಕೆಲಸವನ್ನು ಕಡಿಮೆ ದರಕ್ಕೆ ಮಾಡಿಸಬಹುದೆಂದು ಹತ್ತು ವರ್ಷ ಕಾಲ ಪಕ್ಕದಲ್ಲೇ ಸಾಬೀತಾಗಿತ್ತು.

ನಮ್ಮ ಕಾನೂನು ಈ ವಿಷಯದಲ್ಲಿ ಹೆಚ್ಚು ಗಟ್ಟಿ. 1947ರ ಕೈಗಾರಿಕಾ ವಿವಾದ ಕಾಯ್ದೆಯ 18ನೇ ಕಲಮಿನ ಪ್ರಕಾರ, ಸಂಧಾನಾಧಿಕಾರಿಯ ಮುಂದೆ ಆದ ಒಪ್ಪಂದ ಅಂದಿನ ನೌಕರರ ಜೊತೆಗೆ ಮುಂದೆ ಸೇರುವವರಿಗೂ ಅನ್ವಯಿಸುತ್ತಿತ್ತು; ಅದರ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ತತ್ವವನ್ನು ಉಳಿಸಿಕೊಂಡಿದೆ. ಖಾಸಗಿಯಾಗಿ ಕುಳಿತು ಮಾಡಿಕೊಂಡ ಒಪ್ಪಂದಕ್ಕೆ ಈ ಬಲವಿಲ್ಲ. ಸಹಿ ಹಾಕುವ ಮುನ್ನ ಕಡತವನ್ನು ಸಂಧಾನಾಧಿಕಾರಿಯ ಮುಂದಿಡಿ ಎಂದು ನಾನು ಸಂಘಗಳಿಗೆ ಒತ್ತಾಯಿಸುವುದು ಅದಕ್ಕಾಗಿಯೇ. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಸಿಬ್ಬಂದಿ ಒಟ್ಟಿಗೆ ಅನಾರೋಗ್ಯದ ರಜೆ ಹಾಕಿದಾಗ, ವಜಾಗೊಂಡ 25 ಮಂದಿ ಕೆಲಸಕ್ಕೆ ಮರಳಿದ್ದು ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ನಡೆದ ಸಂಧಾನದಿಂದ.

ಸಡಿಲ ಗಂಟು ಇರುವುದು ನಿಗದಿತ ಅವಧಿಯ ನೇಮಕಾತಿಯಲ್ಲಿ. ಅಂಥವರ ವೇತನ, ಭತ್ಯೆಗಳು ಅದೇ ಕೆಲಸ ಮಾಡುವ ಕಾಯಂ ನೌಕರರಿಗಿಂತ ಕಡಿಮೆ ಇರಬಾರದೆಂದು ಸಂಹಿತೆ ಹೇಳುತ್ತದೆ. ಆದರೆ ಕಂಪನಿಯ ಎಲ್ಲ ಕ್ಯಾಬಿನ್ ಸಿಬ್ಬಂದಿಯೂ ನಿಗದಿತ ಅವಧಿಯವರೇ ಆಗಿದ್ದರೆ, ಅಥವಾ ಹೊಸಬರನ್ನು ಬೇರೊಂದು ಕಂಪನಿಯ ಹೆಸರಿನಲ್ಲಿ ನೇಮಿಸಿದ್ದರೆ, ಹೋಲಿಸಲು ಕಾಯಂ ನೌಕರರು ಸಿಗುವುದೇ ಇಲ್ಲ. ಆದ್ದರಿಂದ ಯಾವ ದರ್ಜೆಯ ಸಿಬ್ಬಂದಿಗೆ ಯಾವ ವೇತನ ಶ್ರೇಣಿ, ಹೊಸಬರು ಎಷ್ಟು ವರ್ಷಗಳಲ್ಲಿ ಆ ಶ್ರೇಣಿ ತಲುಪಬೇಕು, ಮಾರ್ಗಗಳ ಹಂಚಿಕೆ ಬದಲಾದಾಗ ಭತ್ಯೆಯ ನಷ್ಟವನ್ನು ಹೇಗೆ ತುಂಬಿಕೊಡಬೇಕು ಎಂಬುದನ್ನು ಒಪ್ಪಂದದಲ್ಲೇ ಅಂಕಿಗಳಲ್ಲಿ ಬರೆಸಿಕೊಳ್ಳಬೇಕು, ಅದೂ ಹೊಸ ನೇಮಕಾತಿಯ ಮೊದಲ ಜಾಹೀರಾತು ಹೊರಬೀಳುವ ಮುನ್ನ.