ಕೆಲಸ ಮಾಡುವ ಕೋಡನ್ನೂ ಬಿಡಿಸಿ ಕಳುಹಿಸಿ ಎನ್ನುವುದೇಕೆ?

ಓದುಗರ ಪ್ರಶ್ನೆ: ಓಪನ್ ಸೋರ್ಸ್ ತಂತ್ರಾಂಶವೊಂದರಲ್ಲಿದ್ದ ದೋಷವನ್ನು ಸರಿಪಡಿಸಿ ಕೋಡ್ ಕಳುಹಿಸಿದೆ. ಪರೀಕ್ಷೆಗಳೆಲ್ಲ ಪಾಸಾಗಿವೆ. ಆದರೂ ಅದನ್ನು ಮೂರು ಪ್ಯಾಚ್‌ಗಳಾಗಿ (ಕೋಡ್ ಬದಲಾವಣೆಯ ತುಣುಕುಗಳಾಗಿ) ಬಿಡಿಸಿ, ಕಮಿಟ್ (ಇತಿಹಾಸದಲ್ಲಿ ದಾಖಲಾಗುವ ಒಂದು ಬದಲಾವಣೆ) ಸಂದೇಶವನ್ನು ತಿದ್ದಿ, ‘ಸೈನ್ಡ್-ಆಫ್-ಬೈ’ ಸಾಲು ಸೇರಿಸಿ ಮತ್ತೆ ಕಳುಹಿಸುವಂತೆ ಆ ತಂತ್ರಾಂಶವನ್ನು ನೋಡಿಕೊಳ್ಳುವ ಮೇಂಟೇನರ್ ಹೇಳಿದ್ದಾರೆ. ಕೋಡ್ ಸರಿಯಿದ್ದ ಮೇಲೆ ಇಷ್ಟೆಲ್ಲ ಏಕೆ ಬೇಕು?

ಉತ್ತರ: ಕೋಡ್ ಸೇರ್ಪಡೆಯಾದ ದಿನದಿಂದ ಅದರ ಹೊಣೆ ಮೇಂಟೇನರ್ ಹೆಗಲಿಗೆ ಬರುತ್ತದೆ. ಐದು ವರ್ಷಗಳ ನಂತರ ಆ ಸಾಲುಗಳಲ್ಲಿ ತೊಂದರೆ ಕಂಡುಬಂದಾಗ ನೀವು ಬೇರೆ ಕೆಲಸದಲ್ಲಿ ತೊಡಗಿರಬಹುದು. ಆಗ ಅವರ ಕೈಯಲ್ಲಿ ಉಳಿದಿರುವುದು ಕೋಡ್ ಮತ್ತು ಅದರ ಇತಿಹಾಸ ಮಾತ್ರ. ನಿಮ್ಮನ್ನು ಕೇಳಿರುವ ಮೂರೂ ಬದಲಾವಣೆಗಳು ಆ ಇತಿಹಾಸವನ್ನು ಬಳಕೆಗೆ ಯೋಗ್ಯವಾಗಿ ಇಡುವುದಕ್ಕೆ ಸಂಬಂಧಿಸಿದವು.

ಬಿಡಿಸುವ ವಿಷಯವನ್ನೇ ಮೊದಲು ನೋಡೋಣ, ಏಕೆಂದರೆ ಹೊಸಬರಿಗೆ ಹೆಚ್ಚು ಬೇಸರ ತರುವುದು ಅದೇ. ಹಳೆಯ ಆವೃತ್ತಿಯಲ್ಲಿ ಸರಿಯಾಗಿದ್ದ ಸೌಲಭ್ಯವೊಂದು ಹೊಸದರಲ್ಲಿ ಕೆಟ್ಟಿದೆ, ನಡುವೆ ಸಾವಿರ ಕಮಿಟ್‌ಗಳು ಸೇರಿವೆ ಎಂದುಕೊಳ್ಳಿ. ಕೋಡಿನ ಇತಿಹಾಸವನ್ನು ದಾಖಲಿಸುವ ಗಿಟ್ ತಂತ್ರಾಂಶದ ಬೈಸೆಕ್ಟ್ ಸೌಲಭ್ಯವು ಪ್ರತಿ ಬಾರಿಯೂ ನಡುವಿನ ಕಮಿಟ್ ಅನ್ನು ಪರೀಕ್ಷೆಗೆ ಕೊಟ್ಟು ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತಾ ಹೋಗುವುದರಿಂದ, ಸುಮಾರು 10 ಪರೀಕ್ಷೆಗಳಲ್ಲಿ ದೋಷ ತಂದ ಕಮಿಟ್ ಸಿಗುತ್ತದೆ. ಆದರೆ ಸಿಕ್ಕಿದ ಆ ಒಂದು ಕಮಿಟ್‌ನಲ್ಲಿ ದೋಷದ ಪರಿಹಾರ, ಫಂಕ್ಷನ್‌ಗಳ ಹೆಸರು ಬದಲಾವಣೆ, ಸಾಲುಗಳ ಅಂತರ ಸರಿಪಡಿಸಿದ್ದು ಎಲ್ಲವೂ ಬೆರೆತು ಎಂಟುನೂರು ಸಾಲುಗಳಿದ್ದರೆ, ಹುಡುಕಾಟ ಅಲ್ಲಿಂದ ಮತ್ತೆ ಆರಂಭವಾಗಬೇಕಾಗುತ್ತದೆ. ಒಂದು ಪ್ಯಾಚ್, ಒಂದು ಉದ್ದೇಶ ಎಂಬ ನಿಯಮ ಹುಟ್ಟಿದ್ದು ಈ ಅಗತ್ಯದಿಂದ. ಸರಣಿಯ ಪ್ರತಿಯೊಂದು ಪ್ಯಾಚ್ ಸೇರಿದ ಮೇಲೂ ತಂತ್ರಾಂಶ ಬಿಲ್ಡ್ ಆಗಬೇಕು (ಕೋಡಿನಿಂದ ಓಡಿಸಬಲ್ಲ ರೂಪ ಸಿದ್ಧವಾಗಬೇಕು), ಓಡಬೇಕು. ನಡುವೆ ಒಂದು ಮುರಿದಿದ್ದರೂ ಬೈಸೆಕ್ಟ್ ಅಲ್ಲಿ ಎಡವುತ್ತದೆ. ಒಂದು ಬದಲಾವಣೆಯನ್ನಷ್ಟೇ ಹಿಂತೆಗೆಯಲು ಅಥವಾ ಹಳೆಯ ಸ್ಥಿರ ಆವೃತ್ತಿಗೆ ಒಯ್ಯಲು ಸಾಧ್ಯವಾಗುವುದೂ ಹೀಗೆ ಬಿಡಿಸಿದ್ದಾಗಲೇ. ಈಗಾಗಲೇ ಬೆರೆತಿರುವ ಕೋಡಿನಲ್ಲಿ ಯಾವ ತುಣುಕು ಯಾವ ಕಮಿಟ್‌ಗೆ ಸೇರಬೇಕೆಂದು ಒಂದೊಂದಾಗಿ ಆರಿಸಲು ಗಿಟ್ ಆಡ್ ಆದೇಶದ ಪ್ಯಾಚ್ ಆಯ್ಕೆ ನೆರವಾಗುತ್ತದೆ.

ಇನ್ನು ಕಮಿಟ್ ಸಂದೇಶ. ಏನು ಬದಲಾಯಿತು ಎಂಬುದನ್ನು ಡಿಫ್ (ಹಳೆಯ ಮತ್ತು ಹೊಸ ಕೋಡಿನ ವ್ಯತ್ಯಾಸದ ಪಟ್ಟಿ) ತೋರಿಸುತ್ತದೆ; ಏಕೆ ಬದಲಾಯಿತು ಎಂಬುದನ್ನು ನೀವೇ ಹೇಳಬೇಕು. ‘ಬಗ್ ಫಿಕ್ಸ್’ ಎಂಬ ಸಂದೇಶದಿಂದ ಯಾರಿಗೂ ಪ್ರಯೋಜನವಿಲ್ಲ. ಬಳಕೆದಾರರಿಗೆ ಏನು ತೊಂದರೆಯಾಗುತ್ತಿತ್ತು, ಅದರ ಮೂಲವೇನು, ಬೇರೆ ದಾರಿಗಳಿದ್ದರೂ ಇದನ್ನೇ ಏಕೆ ಆರಿಸಿದಿರಿ ಎಂಬುದನ್ನು ಬರೆಯಿರಿ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಮಾರ್ಗಸೂಚಿಯು ಸಂದೇಶವನ್ನು ‘ಸರಿಪಡಿಸಿದೆ’ ಎಂಬಂತಲ್ಲದೆ ‘ಸರಿಪಡಿಸು’ ಎಂಬ ಆಜ್ಞಾರೂಪದಲ್ಲಿ ಬರೆಯಲು, ವಿವರಣೆಯ ಸಾಲುಗಳನ್ನು 75 ಅಕ್ಷರಗಳಿಗೆ ಮುರಿಯಲು ಹೇಳುತ್ತದೆ. ನಿರ್ದಿಷ್ಟ ಹಳೆಯ ಕಮಿಟ್‌ನಿಂದ ಬಂದ ದೋಷವಾದರೆ ‘ಫಿಕ್ಸಸ್’ ಎಂಬ ಸಾಲಿನಲ್ಲಿ ಆ ಕಮಿಟ್‌ನ ಗುರುತಿನ ಮೊದಲ 12 ಅಕ್ಷರಗಳನ್ನಾದರೂ ಕೊಡಬೇಕು.

‘ಸೈನ್ಡ್-ಆಫ್-ಬೈ’ ಸಾಲು ಕಾನೂನಿಗೆ ಸಂಬಂಧಿಸಿದ್ದು. ಲಿನಕ್ಸ್‌ಗೆ ಸೇರಿದ ಕೋಡಿನ ಮೂಲವನ್ನು ಪ್ರಶ್ನಿಸಿ ಎಸ್‌ಸಿಓ ಕಂಪನಿಯು 2003ರಲ್ಲಿ ಐಬಿಎಂ ಮೇಲೆ ಮೊಕದ್ದಮೆ ಹೂಡಿದ ಹಿನ್ನೆಲೆಯಲ್ಲಿ, 2004ರಲ್ಲಿ ಈ ಪದ್ಧತಿ ಕರ್ನಲ್‌ಗೆ ಬಂತು. ಈ ಕೋಡನ್ನು ಯೋಜನೆಯ ಲೈಸೆನ್ಸ್‌ನಡಿ ಕೊಡುವ ಹಕ್ಕು ತನಗಿದೆ ಎಂದು ಕಳುಹಿಸುವವರು ಇದರ ಮೂಲಕ ದೃಢಪಡಿಸುತ್ತಾರೆ. ಕಮಿಟ್ ಆದೇಶಕ್ಕೆ ಸಣ್ಣಕ್ಷರದ ‘ಎಸ್’ ಆಯ್ಕೆ ಸೇರಿಸಿದರೆ ಗಿಟ್ ಆ ಸಾಲನ್ನು ತಾನೇ ಬರೆಯುತ್ತದೆ. ಆದರೆ ಬರೆಯುವುದು ಸುಲಭವೆಂದು ಹಗುರವಾಗಿ ಕಾಣಬೇಡಿ: ಉದ್ಯೋಗದಲ್ಲಿರುವವರು ಬರೆದ ಕೋಡಿನ ಹಕ್ಕು ಒಪ್ಪಂದದ ಪ್ರಕಾರ ಕಂಪನಿಯದ್ದಾಗಿರಬಹುದು, ಆಗ ಮೊದಲು ಅವರ ಅನುಮತಿ ಪಡೆಯಬೇಕು. ಕೆಲವು ಯೋಜನೆಗಳು ಈ ಸಾಲಿನ ಬದಲು ಪ್ರತ್ಯೇಕ ಒಪ್ಪಂದಕ್ಕೆ ಸಹಿ ಕೇಳುತ್ತವೆ.

ನಿಯಮಗಳು ಯೋಜನೆಯಿಂದ ಯೋಜನೆಗೆ ಬೇರೆಯಾಗಿರುವುದರಿಂದ, ಕೋಡ್ ಸಂಗ್ರಹವಾದ ರೆಪಾಸಿಟರಿಯಲ್ಲಿರುವ ‘ಕಾಂಟ್ರಿಬ್ಯೂಟಿಂಗ್’ ಕಡತವನ್ನು ಪೂರ್ತಿ ಓದಿ. ಎರಡನೆಯ ಆವೃತ್ತಿಯನ್ನು ಕಳುಹಿಸುವಾಗ ಮೊದಲನೆಯದರಿಂದ ಏನೇನು ಬದಲಾಗಿದೆ ಎಂದು ತಿಳಿಸಿ. ಬಂದ ಪ್ರತಿ ಅಭಿಪ್ರಾಯಕ್ಕೂ, ಒಪ್ಪದಿದ್ದರೆ ಕಾರಣ ಸಹಿತ, ಉತ್ತರಿಸಿ. ಪ್ರತಿಕ್ರಿಯೆ ಬರದಿದ್ದರೆ ಕನಿಷ್ಠ ಒಂದು ವಾರ ಕಾದು, ನಂತರ ವಿನಯದಿಂದ ಒಮ್ಮೆ ನೆನಪಿಸಿ.