ಮೊದಲ ಸೂಜಿ ಯಾರ ಕೈಯಲ್ಲಿ? ಮೂಳೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ನಡೆದುಬಂದ ದಾರಿ

ಮಂಡ್ಯದ ನಮ್ಮ ಬೀದಿಯ ಹತ್ತನೇ ತರಗತಿಯ ಹುಡುಗನೊಬ್ಬನಿಗೆ ಮಂಡಿಯ ಮೇಲ್ಭಾಗ ಊದಿಕೊಂಡಾಗ, ಕಬಡ್ಡಿಯಲ್ಲಿ ಬಿದ್ದ ಪೆಟ್ಟೆಂದೇ ಮನೆಯವರು ತಿಳಿದರು. ಎಣ್ಣೆ ಹಚ್ಚಿ ನೀವಿಸಿದರು. ಮೊಟ್ಟೆಯ ಲೋಳೆ ಬಳಿದು, ಬಿದಿರ ದಬ್ಬೆ ಇಟ್ಟು ಕಟ್ಟು ಹಾಕಿಸಿದರು. ಉಳುಕಿನ ನೋವಾಗಿದ್ದರೆ ಮಲಗಿದಾಗ ತಗ್ಗಬೇಕಿತ್ತು. ಇವನಿಗೆ ರಾತ್ರಿಯೇ ಹೆಚ್ಚಾಗುತ್ತಿತ್ತು. ಕೊನೆಗೆ ಒಂದು ನರ್ಸಿಂಗ್ ಹೋಮಿನಲ್ಲಿ ಕೀವು ಕಟ್ಟಿದೆಯೆಂದು ಊತವನ್ನು ಅಡ್ಡಲಾಗಿ ಕೊಯ್ದರು, ಆದರೆ ಕೀವು ಬರಲಿಲ್ಲ. ಆಮೇಲೆ ತೆಗೆಸಿದ ಎಕ್ಸ್-ರೇ ಫಿಲ್ಮನ್ನು ಅವನ ತಂದೆ ನಮ್ಮ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ್ದು ನನಗೆ ಇನ್ನೂ ನೆನಪಿದೆ: ತೊಡೆಮೂಳೆಯ ಕೆಳತುದಿಯ ಅಂಚು ಅಳಿಸಿಹೋಗಿ, ಅಲ್ಲಿಂದ ಹೊರಕ್ಕೆ ಬಿಸಿಲಿನ ಕಿರಣಗಳಂತೆ ಬಿಳಿ ಗೆರೆಗಳು ಚಾಚಿಕೊಂಡಿದ್ದವು.

ಆ ಗೆರೆಗಳನ್ನು ಕಂಡೊಡನೆ ಕತ್ತಿಯನ್ನು ಕೆಳಗಿಡಬೇಕು ಎಂಬ ತಿಳಿವಳಿಕೆ ವೈದ್ಯಲೋಕಕ್ಕೆ ಬರಲು ಬಹಳ ಕಾಲ ಹಿಡಿಯಿತು.

ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರುಗಳಲ್ಲಿ ಹದಿಹರೆಯದವರಲ್ಲಿ ಹೆಚ್ಚಾಗಿ ಕಾಣುವುದು ಆಸ್ಟಿಯೊಸಾರ್ಕೊಮಾ. ಮೂಳೆ ಭರದಿಂದ ಬೆಳೆಯುವ ವಯಸ್ಸಿನಲ್ಲಿ, ಬೆಳವಣಿಗೆ ಅತಿ ಹೆಚ್ಚಿರುವ ಮಂಡಿಯ ಸುತ್ತಲೇ ಅದು ಬರುವುದು ಹೆಚ್ಚು. ಒಟ್ಟು ಕ್ಯಾನ್ಸರುಗಳಲ್ಲಿ ಇದರ ಪಾಲು ತೀರ ಸಣ್ಣದು. ಆದ್ದರಿಂದಲೇ ದಿನವೂ ಮುರಿತ ಮತ್ತು ಮಂಡಿನೋವು ನೋಡುವ ಮೂಳೆ ಡಾಕ್ಟರಿಗೆ ಇಡೀ ವೃತ್ತಿಜೀವನದಲ್ಲಿ ಇಂಥ ರೋಗಿಗಳು ಸಿಗುವುದು ಬೆರಳೆಣಿಕೆಯಷ್ಟೇ. ಅಪರೂಪದ ರೋಗವನ್ನು ಒಬ್ಬೊಬ್ಬರೇ ನೋಡಿ ಅರಿಯಲಾಗದು ಎಂದು ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ 1920ರ ಸುಮಾರಿಗೆ ಮೂಳೆ ಸಾರ್ಕೊಮಾಗಳ, ಅಂದರೆ ಮೂಳೆಯಲ್ಲೇ ಹುಟ್ಟುವ ಇಂಥ ಕ್ಯಾನ್ಸರುಗಳ, ದಾಖಲೆಯೊಂದನ್ನು ಆರಂಭಿಸಿ, ಬೇರೆ ಬೇರೆ ಊರುಗಳ ವೈದ್ಯರಿಂದ ಎಕ್ಸ್-ರೇ ಮತ್ತು ವಿವರಗಳನ್ನು ತರಿಸಿಕೊಂಡರು. 1921ರಲ್ಲಿ ಜೇಮ್ಸ್ ಯೂಯಿಂಗ್ ಮತ್ತೊಂದು ಬಗೆಯ ಮೂಳೆ ಕ್ಯಾನ್ಸರನ್ನು ಗುರುತಿಸಿದರು. ನಮ್ಮ ಮೈಸೂರು ವೈದ್ಯಕೀಯ ಕಾಲೇಜು ಶುರುವಾದದ್ದು 1924ರಲ್ಲಿ. ಅಂದಿನಿಂದ ಮುಂದಿನ ಅರ್ಧ ಶತಮಾನ, ಲೋಕದ ಯಾವ ವೈದ್ಯಕೀಯ ಕಾಲೇಜಿನಲ್ಲಿ ಓದಿದವನಿಗೂ ಆಸ್ಟಿಯೊಸಾರ್ಕೊಮಾಕ್ಕೆ ಗೊತ್ತಿದ್ದ ಮುಖ್ಯ ದಾರಿ ಒಂದೇ, ಕೈ ಅಥವಾ ಕಾಲನ್ನು ತೆಗೆದುಹಾಕುವುದು.

ಕಾಲು ತೆಗೆದರೂ ಹೆಚ್ಚಿನವರು ಉಳಿಯುತ್ತಿರಲಿಲ್ಲ. ಕಣ್ಣಿಗೆ ಕಾಣದ ಕಣಗಳು ಆ ಹೊತ್ತಿಗಾಗಲೇ ರಕ್ತದ ಮೂಲಕ ಶ್ವಾಸಕೋಶ ಸೇರಿರುತ್ತಿದ್ದುದರಿಂದ, ಶಸ್ತ್ರಚಿಕಿತ್ಸೆಯೊಂದನ್ನೇ ಪಡೆದ 100 ಮಂದಿಯಲ್ಲಿ ಸುಮಾರು 80 ಮಂದಿಗೆ ರೋಗ ಮರುಕಳಿಸುತ್ತಿತ್ತು. ಕೆನಡಾದ ಟೆರ್ರಿ ಫಾಕ್ಸ್ 1977ರಲ್ಲಿ ಬಲಗಾಲು ಕಳೆದುಕೊಂಡು, 1980ರಲ್ಲಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಕೃತಕ ಕಾಲಿನ ಮೇಲೆ 143 ದಿನ ಓಡಿ, ಶ್ವಾಸಕೋಶಕ್ಕೆ ಹರಡಿದ ಅದೇ ರೋಗದಿಂದ 1981ರಲ್ಲಿ ತೀರಿಕೊಂಡರು.

ಚಿತ್ರ ಬದಲಾಗತೊಡಗಿದ್ದು ಔಷಧಿಯಿಂದ. 1970ರ ದಶಕದ ಮೊದಲಲ್ಲಿ ಹೆಚ್ಚಿನ ಪ್ರಮಾಣದ ಮೆಥೊಟ್ರೆಕ್ಸೇಟ್ ಮತ್ತು ಅಡ್ರಿಯಾಮೈಸಿನ್ ಎಂಬ ಕಿಮೊಥೆರಪಿ ಔಷಧಿಗಳು ಈ ಗಡ್ಡೆಯ ಮೇಲೆ ಕೆಲಸ ಮಾಡುತ್ತವೆಂದು ತಿಳಿಯಿತು. ಅದೇ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಕಾಲು ಉಳಿಸುವ ಪ್ರಯತ್ನ ನಡೆದಿತ್ತು; ತೆಗೆದ ಮೂಳೆಯ ಜಾಗಕ್ಕೆ ಕೂರಿಸುವ ಲೋಹದ ಮೂಳೆಯನ್ನು ಪ್ರತಿ ರೋಗಿಯ ಅಳತೆಗೆ ಬೇರೆಯಾಗಿ ತಯಾರಿಸಬೇಕಿತ್ತು, ಅದಕ್ಕೆ ವಾರಗಟ್ಟಲೆ ಕಾಯಬೇಕಿತ್ತು. ಕಾಯುವಾಗ ರೋಗಿಯನ್ನು ಸುಮ್ಮನೆ ಬಿಡಲಾಗದೆ ಜೆರಾಲ್ಡ್ ರೋಸೆನ್ ಮತ್ತು ಸಂಗಡಿಗರು ಕಿಮೊಥೆರಪಿಯನ್ನು ಮೊದಲೇ ಕೊಟ್ಟರು. ಕಾರ್ಯಾಗಾರದ ವಿಳಂಬದಿಂದ ಬಂದ ಈ ಕ್ರಮವೇ ಇಂದಿನ ಪದ್ಧತಿಯಾಗಿದೆ: ಮೊದಲು ಔಷಧಿ, ನಂತರ ಶಸ್ತ್ರಚಿಕಿತ್ಸೆ, ಮತ್ತೆ ಔಷಧಿ. ತೆಗೆದ ಗಡ್ಡೆಯಲ್ಲಿ ಶೇ. 90ಕ್ಕಿಂತ ಹೆಚ್ಚು ಭಾಗ ಸತ್ತಿದ್ದರೆ ಔಷಧಿ ಚೆನ್ನಾಗಿ ನಾಟಿದೆ ಎಂದರ್ಥ. ರೋಗ ಬೇರೆಡೆಗೆ ಹರಡದೆ ಇರುವಾಗಲೇ ಬಂದವರಲ್ಲಿ ಈಗ ಸುಮಾರು ಮೂರರಲ್ಲಿ ಎರಡು ಪಾಲು ಜನ ದೀರ್ಘಕಾಲ ಬದುಕುತ್ತಾರೆ, ಅವರಲ್ಲಿ ಬಹುಪಾಲು ಮಂದಿಯ ಕಾಲೂ ಉಳಿಯುತ್ತದೆ.

ಹೀಗೆ ಕಾಲು ಕತ್ತರಿಸುವವನ ಕೆಲಸ ಕಾಲು ಉಳಿಸುವವನ ಕೆಲಸವಾದಾಗ ಅದೊಂದು ಪ್ರತ್ಯೇಕ ವೃತ್ತಿಯಾಯಿತು. ಎಂಬಿಬಿಎಸ್ ಮತ್ತು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಆರ್ಥೊಪೆಡಿಕ್ಸ್‌ನಲ್ಲಿ ಮೂರು ವರ್ಷದ ಎಂಎಸ್ ಮುಗಿಸಿದ ಮೇಲೂ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಹಿರಿಯರ ಕೈಕೆಳಗೆ ಪಳಗಬೇಕು. ಎಂಆರ್‌ಐ ನೋಡಿ ಎಲ್ಲಿ ಮೂಳೆ ಕಡಿಯಬೇಕೆಂದು ಅಳೆಯುವುದು, ನರ ಮತ್ತು ರಕ್ತನಾಳವನ್ನು ಗಡ್ಡೆಯಿಂದ ಬಿಡಿಸುವುದು, ಇನ್ನೂ ಬೆಳೆಯುವ ಮಗುವಾದರೆ ಮುಂದೆ ಉದ್ದವಾಗಿಸಬಲ್ಲ ಲೋಹದ ಮೂಳೆ ಕೂರಿಸುವುದು, ಇವೆಲ್ಲ ಅವರ ಕೆಲಸ. ಕಿಮೊಥೆರಪಿಯ ವೈದ್ಯರು, ರೇಡಿಯಾಲಜಿಸ್ಟ್, ಪೆಥಾಲಜಿಸ್ಟ್ ಜೊತೆಗೆ ಕೂತು ಮಾತಾಡದೆ ಅವರು ಕತ್ತಿ ಹಿಡಿಯುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರವೂ ಸೋಂಕು ತಗಲಬಹುದು, ಕೀಲು ಸಡಿಲವಾಗಬಹುದು; ಹದಿನೈದನೇ ವಯಸ್ಸಿನಲ್ಲಿ ಬಂದ ರೋಗಿ ಮದುವೆಯಾಗಿ ಮಕ್ಕಳಾದ ಮೇಲೂ ಅದೇ ವೈದ್ಯರ ಬಳಿಗೆ ಬರುತ್ತಿರುತ್ತಾನೆ.

ಇಷ್ಟೆಲ್ಲ ಕೌಶಲವೂ ಒಂದು ಸಣ್ಣ ಸೂಜಿಯ ತೂತಿಗೆ ಕಟ್ಟುಬಿದ್ದಿದೆ. ಬಯಾಪ್ಸಿಗೆ, ಅಂದರೆ ಪರೀಕ್ಷೆಗೆಂದು ಗಡ್ಡೆಯ ಚೂರು ತೆಗೆಯಲು, ಸೂಜಿ ಹೋದ ದಾರಿಯುದ್ದಕ್ಕೂ ಕ್ಯಾನ್ಸರ್ ಕಣಗಳು ಉಳಿದಿರಬಹುದಾದ್ದರಿಂದ ಆ ದಾರಿಯನ್ನೂ ಗಡ್ಡೆಯ ಜೊತೆಗೇ ತೆಗೆಯಬೇಕು. ತೂತು ಅಥವಾ ಗಾಯ ಕಾಲಿನ ಉದ್ದಕ್ಕೆ, ಮುಂದಿನ ಶಸ್ತ್ರಚಿಕಿತ್ಸೆಯ ಗೆರೆಯಲ್ಲೇ ಇದ್ದರೆ ಅದು ಸುಲಭ. ಅಡ್ಡಕ್ಕೆ ಕೊಯ್ದಿದ್ದರೆ ತೆಗೆಯಬೇಕಾದ ಚರ್ಮ ಮತ್ತು ಮಾಂಸ ಎಷ್ಟೋ ಪಾಲು ಹೆಚ್ಚುತ್ತದೆ, ಕೆಲವೊಮ್ಮೆ ಕಾಲು ಉಳಿಸಲು ಏನೂ ಮಿಗುವುದಿಲ್ಲ. ಅಮೆರಿಕದ ಹೆನ್ರಿ ಮ್ಯಾಂಕಿನ್ ಮತ್ತು ಸಂಗಡಿಗರು 1982ರಲ್ಲಿ 329 ರೋಗಿಗಳ ವಿವರ ಪ್ರಕಟಿಸಿದಾಗ, ಬಯಾಪ್ಸಿಯ ಎಡವಟ್ಟಿನಿಂದಾಗಿ ಶೇ. 4.5ರಷ್ಟು ಮಂದಿ ಅನಗತ್ಯವಾಗಿ ಕೈಕಾಲು ಕಳೆದುಕೊಂಡಿದ್ದರೆಂದು ತಿಳಿಯಿತು. ಮುಂದಿನ ಚಿಕಿತ್ಸೆ ನಡೆಯುವ ಕೇಂದ್ರದ ಬದಲು, ಮೊದಲು ರೋಗಿಯನ್ನು ನೋಡಿದ ಆಸ್ಪತ್ರೆಯಲ್ಲೇ ಬಯಾಪ್ಸಿ ಮಾಡಿದಾಗ ಇಂಥ ತೊಂದರೆಗಳು ಹಲವು ಪಟ್ಟು ಹೆಚ್ಚಿದ್ದವು. ಶಸ್ತ್ರಚಿಕಿತ್ಸೆ ಮಾಡುವವರೇ ಬಯಾಪ್ಸಿಯನ್ನೂ ಮಾಡಬೇಕು ಅಥವಾ ಅದರ ಜಾಗವನ್ನು ಗೊತ್ತುಮಾಡಬೇಕು ಎಂಬ ನಿಯಮಕ್ಕೆ ಬಲ ಬಂದದ್ದು ಹೀಗೆ.

ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಮೈಸೂರಿನಲ್ಲೂ ಈಗ ಕ್ಯಾನ್ಸರ್ ಚಿಕಿತ್ಸೆಗೆಂದೇ ಆಸ್ಪತ್ರೆಯಿದೆ. ಮಂಡ್ಯದಿಂದ ಬೆಂಗಳೂರು ಸುಮಾರು 100 ಕಿಲೋಮೀಟರ್, ಬೆಳಗಿನ ರೈಲು ಹತ್ತಿದರೆ ಹೊರರೋಗಿ ಚೀಟಿ ಮಾಡಿಸುವ ಹೊತ್ತಿಗೆ ತಲುಪಬಹುದು. ದೂರಕ್ಕಿಂತ ಹೆಚ್ಚಾಗಿ ಕಾಲುಗಳನ್ನು ಕಳೆಯುತ್ತಿರುವುದು ಊರಿನಲ್ಲೇ ಕಳೆದುಹೋಗುವ ಆ ಮೊದಲ ಕೆಲವು ವಾರಗಳು ಎಂದು ನಾನು ನಂಬುತ್ತೇನೆ. ಮೂರು ವಾರವಾದರೂ ಇಳಿಯದ ಊತ, ನಿದ್ದೆಗೆಡಿಸುವ ನೋವು ಇದ್ದರೆ ನೀವಿಸುವುದನ್ನು ನಿಲ್ಲಿಸಿ ಎಕ್ಸ್-ರೇ ತೆಗೆಸಬೇಕು. ಅದರಲ್ಲಿ ಅನುಮಾನ ಕಂಡ ವೈದ್ಯರು ಕೊಯ್ಯದೆ, ಚುಚ್ಚದೆ, ಫಿಲ್ಮಿನ ಜೊತೆಗೆ ಒಂದು ಪತ್ರ ಬರೆದು ಕಳುಹಿಸಿಕೊಟ್ಟರೆ ಸಾಕು.

ನಮ್ಮ ಬೀದಿಯ ಹುಡುಗ ಬದುಕಿದ್ದಾನೆ. ಕೊಯ್ದ ಗಾಯ ಅಡ್ಡಕ್ಕೆ ಇದ್ದುದರಿಂದ ಅವನ ಕಾಲನ್ನು ತೊಡೆಯ ನಡುವಿನಿಂದ ತೆಗೆಯಬೇಕಾಯಿತು. ಎದೆಯ ಸ್ಕ್ಯಾನಿಗೆಂದು ಅವನು ಕೃತಕ ಕಾಲು ಹಾಕಿಕೊಂಡು ತಂದೆಯ ಜೊತೆ ಈಗಲೂ ಅದೇ ಬೆಳಗಿನ ರೈಲು ಹತ್ತುತ್ತಾನೆ.