ತೊಗರಿ ಒಣಗಿಸುವ ಎರಡು ರೋಗ, ಎರಡು ವಂಶ

"ಸರ್, ತೊಗರಿ ಒಣಗ್ಲಿಕತ್ತದ್ರಿ, ಯಾವ ಎಣ್ಣಿ ಹೊಡಿಬೇಕು?" ಆಳಂದ, ಜೇವರ್ಗಿ, ಚಿತ್ತಾಪುರ ಕಡೆಯ ರೈತರು ನನಗೆ ಫೋನ್ ಮಾಡಿ ಕೇಳುವುದು ಇದನ್ನೇ ಜಾಸ್ತಿ. ಎಣ್ಣಿ ಅಂದರೆ ಇಲ್ಲಿ ಬೆಳೆಗೆ ಹೊಡೆಯುವ ಔಷಧ. ನಾನು ತಿರುಗಿ ಕೇಳುತ್ತೇನೆ: ಗಿಡ ಕಿತ್ತು, ಕಾಂಡ ಸೀಳಿ ನೋಡಿದ್ರಾ?

ಸೀಳಿದ ಕಾಂಡದೊಳಗೆ ಕಂದು, ಕಪ್ಪು ಗೆರೆ ಕಂಡರೆ ಅದು ನೆಟೆ ರೋಗ. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು, ನೀರು ಏರುವ ನಾಳಗಳನ್ನೇ ಮುಚ್ಚಿಬಿಡುತ್ತದೆ. 1910ರಲ್ಲಿ ಇದಕ್ಕೆ ಈ ಹೆಸರಿಟ್ಟವರು ಆಗ ಭಾರತದಲ್ಲಿದ್ದ ವಿಜ್ಞಾನಿ ಇ. ಜೆ. ಬಟ್ಲರ್. ಹೂವು, ಕಾಯಿಯ ಹೊತ್ತಿಗೆ ಇದರ ಕಾಟ ಹೆಚ್ಚು. ಇನ್ನೊಂದು, ಫೈಟೋಫ್ತೊರಾ ಎಂಬ ಜೀವಿ ತರುವ ರೋಗ. ಮಳೆ ನೀರು ನಿಂತ ಎರೆ ಹೊಲದಲ್ಲಿ ಎಳೆ ಗಿಡಗಳು ಸಾಯುತ್ತವೆ. ಬೇರು ಚೆನ್ನಾಗೇ ಇರುತ್ತದೆ, ಕಾಂಡದ ಮೇಲೆ ಮಾತ್ರ ತಗ್ಗಾದ ಕಂದು ಮಚ್ಚೆ.

ಎರಡೂ ಎಳೆ ಎಳೆಯಾಗಿ ಬೆಳೆಯುತ್ತವೆ. ಹಾಗಾಗಿ ಹಿಂದೆ ಎರಡನ್ನೂ ಶಿಲೀಂಧ್ರಗಳ ಗುಂಪಿಗೇ ಸೇರಿಸಿದ್ದರು. ಆದರೆ ಫೈಟೋಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ. ಅದು ಸಮುದ್ರದ ಕಂದು ಪಾಚಿಯ ನೆಂಟ. ಅದರ ಕೋಶದ ಗೋಡೆಯಲ್ಲಿ ಸೆಲ್ಯುಲೋಸ್ ಇದೆ, ಅದರ ಬೀಜಕಣಗಳು ನೀರಲ್ಲಿ ಈಜುತ್ತವೆ. ನೀರು ನಿಂತ ಕಡೆ ರೋಗ ಹಬ್ಬುವುದು ಅದಕ್ಕೇ. ಫ್ಯುಸೇರಿಯಂನ ಗೋಡೆಯಲ್ಲಿರುವುದು ಕೈಟಿನ್, ಏಡಿಯ ಚಿಪ್ಪಿನಲ್ಲಿರುವ ವಸ್ತು. ವಿಕಾಸದ ದಾರಿ ಹಿಡಿದು ಹಿಂದಕ್ಕೆ ಹೋದರೆ ಫ್ಯುಸೇರಿಯಂ ಫೈಟೋಫ್ತೊರಾಗಿಂತ ಪ್ರಾಣಿಗಳಿಗೇ ಹತ್ತಿರ. ನಂಬುವುದು ಕಷ್ಟ, ಅಲ್ವಾ?

ವರ್ಗೀಕರಣ ಓದುವವರಿಗೆ ಮಾತ್ರ ಅಂತ ಯಾರಾದರೂ ಅಂದರೆ ನನಗೆ ಬೇಜಾರಾಗುತ್ತದೆ. ಕಾರ್ಬೆಂಡಜಿಂ ಎಂಬ ಔಷಧ ನಿಜವಾದ ಶಿಲೀಂಧ್ರಗಳ ಮೇಲೆ ಕೆಲಸ ಮಾಡುತ್ತದೆ, ಫೈಟೋಫ್ತೊರಾಕ್ಕೆ ಏನೂ ಆಗುವುದಿಲ್ಲ. ಮೆಟಲಾಕ್ಸಿಲ್ ಎಂಬ ಔಷಧ ಇದಕ್ಕೆ ಪೂರ್ತಿ ಉಲ್ಟಾ. ವಂಶ ತಿಳಿಯದೆ ಗೊಬ್ಬರದಂಗಡಿಗೆ ಹೋದರೆ ಸುಮ್ನೆ ದುಡ್ಡು ಹೋಗುತ್ತದೆ, ಬೆಳೆಯೂ ಹೋಗುತ್ತದೆ. ನೆಟೆ ಹತ್ತಿದ ಗಿಡಕ್ಕಂತೂ ಮೇಲಿಂದ ಏನು ಹೊಡೆದರೂ ಉಪಯೋಗ ಕಡಿಮೆ. ರೋಗ ಮಣ್ಣಲ್ಲಿದೆ, ಹಳೆ ಕೂಳೆಯಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಜೋಳದ ಜೊತೆ ಬೆಳೆ ಬದಲಿಸುವುದು, ರೋಗ ತಡೆಯುವ ತಳಿ ಹಾಕುವುದು, ಬೀಜೋಪಚಾರ ಮಾಡುವುದು, ಇವೇ ದಾರಿ.

ಶಿಲೀಂಧ್ರ ಅಂದರೆ ಬರೀ ರೋಗವಲ್ಲ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸುಮಾರು 40 ಕೋಟಿ ವರ್ಷ ಹಳೆಯ ಕಲ್ಲು ಸಿಕ್ಕಿದೆ. ಅದರಲ್ಲಿ ಉಳಿದ ಗಿಡದ ಜೀವಕೋಶಗಳೊಳಗೆ ಕವಲೊಡೆದ ಶಿಲೀಂಧ್ರ ಕಾಣುತ್ತದೆ. ಬೇರೇ ಇಲ್ಲದ ಗಿಡಕ್ಕೆ ಅದು ಆಸರೆಯಾಗಿತ್ತು ಅಂತ ವಿಜ್ಞಾನಿಗಳು ನಂಬುತ್ತಾರೆ. ಇವತ್ತು ನಮ್ಮ ತೊಗರಿ ಬೇರಿನಲ್ಲೂ ಅದೇ ಬಗೆಯ ಶಿಲೀಂಧ್ರಗಳಿವೆ. ಮಣ್ಣಿನ ರಂಜಕ ತಂದುಕೊಟ್ಟು, ಬದಲಿಗೆ ಸಕ್ಕರೆ ಪಡೆಯುತ್ತವೆ.

ನಾವು ಕೆ.ಜಿ. ಬೀಜಕ್ಕೆ 4 ಗ್ರಾಂ ಹಚ್ಚಿ ಅನ್ನುವ ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ. ಅದು ಇರುವುದು ಫ್ಯುಸೇರಿಯಂ ಇರುವ ಗಣದಲ್ಲೇ. ಒಂದೇ ಗಣದಲ್ಲಿ ಹುಟ್ಟಿ ಒಂದು ಗಿಡ ಕೊಲ್ಲುತ್ತದೆ, ಇನ್ನೊಂದು ಕಾಯುತ್ತದೆ. ಇಷ್ಟು ಹತ್ತಿರದ ನೆಂಟರಾದ್ದರಿಂದ ಒಂದನ್ನು ಕೊಲ್ಲುವ ಕಾರ್ಬೆಂಡಜಿಂ ಇನ್ನೊಂದನ್ನೂ ಕೊಲ್ಲುತ್ತದೆ. ಕಾರ್ಬೆಂಡಜಿಂ, ಟ್ರೈಕೋಡರ್ಮಾ ಎರಡನ್ನೂ ಒಟ್ಟಿಗೆ ಬೀಜಕ್ಕೆ ಹಚ್ಚಬೇಡಿ.